ಹದಿನೈದು ದೊರೆಗಳ ಅಮ್ಮಂದಿರು

ಕೆನಡಾದ ರಿಚ್ಮಂಡ್ ಹಿಲ್‌ನ ಅರುಂಧತಿ ಐವತ್ತು ದಾಟಿದ ಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟು ಆಫ್ರಿಕಾದ ಇತಿಹಾಸದಲ್ಲಿ ಪಿಎಚ್‌ಡಿಗೆ ಸೇರಿದಾಗ, ಕನ್ನಡ ಕೂಟದ ನಾವೆಲ್ಲ ಅವಳ ಗಂಡ ರಘುನಾಥನಿಗೆ ಸಂತಾಪ ಸೂಚಿಸಿದ್ದೆವು. ಸಂಬಳಕ್ಕೆ ತಪ್ಪು ಹುಡುಕುತ್ತಿದ್ದವಳು ಈಗ ಪುಕ್ಕಟೆ ಹುಡುಕತೊಡಗಿದಳು, ಅಷ್ಟೆ.

ಅವಳ ಪಿಎಚ್‌ಡಿ ನಿಂತಿದ್ದು ಉಗಾಂಡದಿಂದ ಬಂದು ಹತ್ತಿರದ ಮಿಸಿಸಾಗದಲ್ಲಿ ನೆಲೆಸಿದ್ದ ಕಾಟೊ ಅಜ್ಜನ ಮೇಲೆ. ಅಲ್ಲಿನ ಒಂದು ಪುಟ್ಟ ಸೀಮೆಯನ್ನು ಬ್ರಿಟಿಷರಿಗಿಂತ ಮುಂಚೆ ಆಳಿದ ಹದಿನೈದು ದೊರೆಗಳ ವಂಶಾವಳಿ ಇದ್ದದ್ದು ಅವರ ಬಾಯಲ್ಲಿ ಮಾತ್ರ. ಈ ಬೇಸಿಗೆಯಲ್ಲಿ ಆ ಸೀಮೆಯವರ ಸಂಘದ ಹಬ್ಬ. ದೊರೆಗೊಂದು ತಲೆಮಾರು, ತಲೆಮಾರಿಗೆ ಮೂವತ್ತು ವರ್ಷದಂತೆ 'ನಾನೂರೈವತ್ತು ವರ್ಷಗಳ ಆಳ್ವಿಕೆ' ಎಂದು ಬ್ಯಾನರೂ ಪ್ರಿಂಟಾಗಿತ್ತು. ಅದು ನಿಜವೆಂದು ಅರುಂಧತಿ ನಾಲ್ಕು ಸಾಲು ಬರೆದುಕೊಡಬೇಕು. ಇಲ್ಲವಾದರೆ ಅಜ್ಜ ಮುಂದೆ ಬಾಯಿ ಬಿಡುವುದಿಲ್ಲ, ಪಿಎಚ್‌ಡಿ ಅರ್ಧಕ್ಕೇ ನಿಲ್ಲುತ್ತದೆ.

"ಬರ್ಕೊಟ್ಬಿಡೇ," ಕಾರು ಓಡಿಸುತ್ತ ರಘುನಾಥ ಅಂದ. "ನೂರಿನ್ನೂರು ವರ್ಷ ಹೆಚ್ಚಾದ್ರೆ ಯಾರಪ್ಪನ ಗಂಟು ಹೋಗತ್ತೆ?"

"ರೀ, ನಮ್ಮ ಕೂಟಕ್ಕೆ ನಿಮ್ಮಣ್ಣ ಪ್ರೆಸಿಡೆಂಟ್ ಆದ್ರು, ಆಮೇಲೆ ನೀವು, ಆಮೇಲೆ ನಿಮ್ಮ ತಮ್ಮ. ಮೂರು ತಲೆಮಾರು, ತೊಂಬತ್ತು ವರ್ಷ ಅಂತ ಬರ್ಕೊಡ್ಲಾ?"

ರಘುನಾಥ ವೈಪರ್ ಹಾಕಿದ. ಮಳೆಯೇನೂ ಇರಲಿಲ್ಲ.

ಅಜ್ಜನ ಮನೆ ಬಂತು. ಅವರ ಜೊತೆ ಮಾತೆಲ್ಲ ಇಂಗ್ಲಿಷಿನಲ್ಲಿ. 'ಅಜ್ಜಾ' ಮಾತ್ರ ಕನ್ನಡದ್ದು, ಅವರಿಗೂ ಅದು ಹಿಡಿಸಿತ್ತು.

"ಅಜ್ಜಾ, ದೊರೆಗಳ ಹೆಸರು ಸಾಕು. ಅವರ ಅಮ್ಮಂದಿರ ಹೆಸರು ಹೇಳಿ."

ಯಾರೂ ಕೇಳಿರದ ಪ್ರಶ್ನೆ. ಅಜ್ಜ ಖುಷಿಯಿಂದ ಕಣ್ಣು ಮುಚ್ಚಿ ಶುರು ಮಾಡಿದರು. ಐದನೆಯವನಿಗೂ ಆರನೆಯವನಿಗೂ ಏಳನೆಯವನಿಗೂ ಒಬ್ಬಳೇ ತಾಯಿ ಬಂದಾಗ ಅವರ ಒಂದು ಕಣ್ಣು ತಾನಾಗಿ ತೆರೆಯಿತು. ಅಪ್ಪ ಮಕ್ಕಳೆಂದುಕೊಂಡವರಲ್ಲಿ ಅನೇಕರು ಅಣ್ಣತಮ್ಮಂದಿರು! ಮುಗಿಯುವ ಹೊತ್ತಿಗೆ ಹೆಚ್ಚೆಂದರೆ ಒಂಬತ್ತು ತಲೆಮಾರು ಉಳಿದವು.

"ಇನ್ನೂರೆಪ್ಪತ್ತು ವರ್ಷ!" ಅಜ್ಜ ಸಿಡಿದರು. "ಬಿಳಿಯರು ನಮಗೆ ಇತಿಹಾಸವೇ ಇಲ್ಲ ಅಂದರು. ನೀನು ಬಂದು ಇರೋದನ್ನೂ ಕತ್ತರಿಸ್ತೀಯಾ?"

"ಅವರು ನಿಮ್ಮನ್ನ ಕೇಳದೆ ಇಲ್ಲ ಅಂದರು. ನಾನು ಕೇಳಿ ಇದೆ ಅಂತಿದೀನಿ. ನೀವು ಹೇಳಿದ್ದನ್ನೇ ಬರೀತೀನಿ, ಬ್ಯಾನರ್ ಹೇಳಿದ್ದನ್ನಲ್ಲ."

"ಹಾಗಾದರೆ ಈ ಮನೆಗೆ ಕಾಲಿಡಬೇಡ."

"ಬಾಗಿಲು ಹಾಕ್ಕೊಳ್ಳಿ. ಮೆಟ್ಟಿಲ ಮೇಲೆ ಕೂತಿರ್ತೀನಿ."

ಮುಂದಿನ ಭಾನುವಾರ ಹೋಗಿ ಬಿಸಿಲಲ್ಲಿ ಕೂತೇ ಬಿಟ್ಟಳು. ಸತ್ಯಾಗ್ರಹಕ್ಕೆ ಬೆಂಬಲವಾಗಿ ರಘುನಾಥ ಕಾರಿನ ಎಸಿಯಲ್ಲಿ ಚಿತ್ರಾನ್ನ ತಿಂದ. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.

"ಹನ್ನೆರಡನೆಯವನ ತಾಯಿ ಅವಳಲ್ಲ, ಅವಳ ತಂಗಿ. ತಪ್ಪು ಹೇಳಿದ್ದೆ," ಅಜ್ಜ ಸಂದಿಯಿಂದ ಗದರಿದರು. "ಬ್ಯಾನರ್ ಮಾತ್ರ ಇಳಿಸಲ್ಲ, ತಿಳೀತಾ?"

"ನಾನೂ ಬರ್ಕೊಡಲ್ಲ," ಎಂದು ಅರುಂಧತಿ ಫೋನಿನ ರೆಕಾರ್ಡರ್ ಒತ್ತಿದಳು. "ತಂಗಿ ಹೆಸರೇನು?"