ಎತ್ತದ ಮಿಸ್ಡ್ ಕಾಲ್

ಮೊನ್ನೆ ಜಲಪಾತ ನೋಡಲು ಬಂದವರೊಬ್ಬರು ನನ್ನ ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಇನ್ನು ಮೇಲೆ ಗಾಡಿಗಳು ತಾವು ತಾವೇ ಮಾತಾಡಿಕೊಳ್ಳುತ್ತವೆ ಎಂದರು. ತಿರುವಿನ ಆಚೆ ಗಾಡಿ ಬರುತ್ತಿದ್ದರೆ ಈಚೆಯ ಗಾಡಿಗೆ ತಂತಿಯಿಲ್ಲದೆ ಸುದ್ದಿ ಮುಟ್ಟುತ್ತದಂತೆ, ಡ್ರೈವರಿನ ಕಣ್ಣಿಗೆ ಬೀಳುವ ಮೊದಲೇ. ನನ್ನ ಹಳೇ ಜೀಪಿಗೂ ಮುಟ್ಟುತ್ತದೆಯೇ ಎಂದು ಕೇಳಿದೆ. ಎರಡು ಗಾಡಿಯಲ್ಲೂ ಆ ಯಂತ್ರ ಇರಬೇಕು ಎಂದರು. ನನಗೆ ಸಿಟ್ಟು ಬಂತು, ಅವರ ಮೇಲಲ್ಲ.

ನಮ್ಮ ಗಾಡಿಗಳೂ ಮಾತಾಡಿಕೊಳ್ಳುತ್ತಿದ್ದವು. ಸಿರಿಮನೆ ಜಲಪಾತದ ಕಡೆಯ ಒಂದು ಒಳರಸ್ತೆಯಲ್ಲಿ ನಾನೂ ಭಾವನೂ, ಅಂದರೆ ಅಕ್ಕನ ಗಂಡ, ಒಂದೊಂದು ಬಾಡಿಗೆ ಜೀಪು ಓಡಿಸುತ್ತಿದ್ದೆವು. ನಡುವಿನ ಒಂದು ಮೈಲಿ ಒಂದೇ ಜೀಪು ಹಿಡಿಸುವಷ್ಟು ಅಗಲ. ಹಳ್ಳದ ಸದ್ದಿನಲ್ಲಿ ಹಾರ್ನ್ ಕೇಳದು, ಅಲ್ಲಿ ನೆಟ್‌ವರ್ಕೂ ಇಲ್ಲ. ಮೇಲಿನ ಬಂಡೆಯ ಹತ್ತಿರ ಸಿಗುತ್ತದೆ, ಕೆಳಗೆ ಅಕ್ಕನ ಮನೆಯ ಹತ್ತಿರ ಸಿಗುತ್ತದೆ. ಹಾಗಾಗಿ ಹೊರಡುವ ಮೊದಲು ಒಂದು ಮಿಸ್ಡ್ ಕಾಲ್ ಕೊಡುವುದು ನಾನೇ ಮಾಡಿದ ಕ್ರಮ. ರಿಂಗೇ ಆಗದಿದ್ದರೆ ಅವನು ದಾರಿಯಲ್ಲಿದ್ದಾನೆ, ಕಾಯಬೇಕು. ರಿಂಗ್ ಆಗಿ ಎತ್ತಿದರೆ ಅವನು ಹೊರಡುವವನಿದ್ದಾನೆ, ಆಗಲೂ ಕಾಯಬೇಕು. ರಿಂಗ್ ಆಗಿ ಎತ್ತದಿದ್ದರೆ ಅವನು ಕೆಳಗೇ ನಿಂತಿದ್ದಾನೆ, ದಾರಿ ನನ್ನದು.

ಅಕ್ಕ ಒಂದೆರಡು ಸಲ ಭಾವನ ಫೋನ್ ಎತ್ತಿ, ತಿಂಡಿ ಆಯ್ತೇನೋ ಎಂದು ಕೇಳಿದ್ದಳು. ಎತ್ತಿದ್ದು ಗೊತ್ತಾದೊಡನೆ ಕಟ್ ಮಾಡುತ್ತಿದ್ದ ನಾನು, ಅವಳ ತಿಂಡಿಯ ವಿಚಾರಣೆಗೆ ಮೇಲೆ ಅರ್ಧ ಗಂಟೆ ಕಾದಿದ್ದೆ. ಇಳಿದು ಬಂದು, ನನ್ನ ಹೆಸರು ಕಂಡರೆ ಸತ್ತರೂ ಎತ್ತಬೇಡ ಎಂದು ಬೈದಿದ್ದೆ. ಆ ಮಾತನ್ನು ಈಗ ನೆನೆದರೆ ನಾಲಿಗೆ ಕಿತ್ತಿಡಬೇಕು ಅನ್ನಿಸುತ್ತದೆ.

ಆ ದಿನ ಬೆಳಿಗ್ಗೆ ಬಂಡೆಯ ಹತ್ತಿರ ನಿಂತು ಫೋನ್ ಮಾಡಿದೆ. ಚೆನ್ನಾಗಿಯೇ ರಿಂಗ್ ಆಯಿತು. ಯಾರೂ ಎತ್ತಲಿಲ್ಲ. ಖುಷಿಯಿಂದ ಗೇರ್ ಹಾಕಿದೆ.

ಮೂರನೇ ತಿರುವಿನಲ್ಲಿ ಭಾವನ ಜೀಪು ಎದುರಿಗೇ ಬಂತು. ನಾನು ಬ್ರೇಕ್ ಒತ್ತಿದೆ, ಕೆಸರಿನಲ್ಲಿ ಗಾಡಿ ಕೇಳಲಿಲ್ಲ. ನನ್ನ ಹಿಂದೆ ಐದು ಜನರಿದ್ದರು, ಅವನದು ಖಾಲಿ ಗಾಡಿ. ಅವನು ಅದನ್ನು ನೋಡಿರಬೇಕು. ಸ್ಟೇರಿಂಗನ್ನು ಹಳ್ಳದ ಕಡೆಗೆ ಎಳೆದು ನನಗೆ ದಾರಿ ಬಿಟ್ಟ. ಜೀಪು ನಿಧಾನವಾಗಿ ಮಗುಚಿತು. ನನ್ನ ಗಾಡಿ ತಿರುವು ದಾಟಿ ನಿಂತಿತು. ಇಳಿದು ಓಡಿದಾಗ ಅವನ ಬಲಗಾಲು ಗಾಡಿಯಡಿ ಇತ್ತು. ಆರು ಜನ ಸೇರಿದರೂ ಜೀಪು ಅಲುಗಲಿಲ್ಲ. ಜನ ಕರೆಯೋಣವೆಂದರೆ ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ಒಬ್ಬರನ್ನು ಕೆಳಗೆ ಓಡಿಸಿ ನಾನು ಅವನ ತಲೆ ಹಿಡಿದು ಕೂತೆ. ಅಷ್ಟೇ ನನ್ನಿಂದ ಆದದ್ದು.

ಕಾಲು ಉಳಿಯಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಈಗ ಆ ತಿರುವಿಗೆ ಒಂದು ದುಂಡು ಕನ್ನಡಿ ಬಂದಿದೆ. ಮಂಜು ಕೂತು ಅದರಲ್ಲಿ ಏನೂ ಕಾಣುವುದಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಅಕ್ಕನನ್ನು ಕೇಳಿದೆ, ಭಾವ ಫೋನ್ ಯಾಕೆ ಎತ್ತಲಿಲ್ಲ ಎಂದು. ಅವನು ಅದನ್ನು ಚಾರ್ಜಿಗೆ ಹಾಕಿ, ನನಗೆ ಕಾಲ್ ಕೊಡುವುದನ್ನೂ ಮರೆತು, ಮನೆಯಲ್ಲೇ ಬಿಟ್ಟು ಹೋಗಿದ್ದನಂತೆ. ಜೀಪು ಅಂಗಳ ದಾಟಿದ ಮೇಲೆ ರಿಂಗ್ ಆಯಿತಂತೆ. ಅವಳು ಕೈ ಒರೆಸಿಕೊಂಡು ಬಂದು, ನನ್ನ ಹೆಸರು ನೋಡಿ, ಸುಮ್ಮನೆ ಪಕ್ಕದಲ್ಲೇ ನಿಂತಿದ್ದಳಂತೆ. ರಿಂಗ್ ನಿಂತ ಮೇಲೆ, ಭಾವ ಆಗಲೇ ದಾರಿಯಲ್ಲಿದ್ದಾನೆ ಎಂದು ಅವಳಿಗೆ ಹೊಳೆಯಿತು. ತಿರುಗಿ ಮಾಡಿದಳು, ಮಾಡುತ್ತಲೇ ಇದ್ದಳು. ಅಷ್ಟರಲ್ಲಿ ನಾನು ಬಂಡೆ ಬಿಟ್ಟು ಇಳಿದಿದ್ದೆ.

"ಎತ್ತಬೇಡ ಅಂತ ನೀನೇ ಹೇಳಿದ್ದಲ್ಲ ಮಾರಾಯ," ಎಂದಳು. ದೂರಿನ ದನಿಯಲ್ಲ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ನಿಜವಾಗಿಯೂ ನನ್ನನ್ನು ಕೇಳುತ್ತಿದ್ದಳು.