ಸೀಸದ ಗುಂಡು, ಹಿಲ್ಡಾಳ ಗುರಿ

ಚರ್ಚಿನ ಸ್ಮಶಾನದಲ್ಲಿ ಮೊಲಗಳ ಕಾಟ ವಿಪರೀತವಾದಾಗ ಪಾದ್ರಿ ಜೆಫ್ರಿ ನೇರವಾಗಿ ಹೋದದ್ದು ಹಿಲ್ಡಾ ಥ್ರೆಲ್ಫಾಲ್ ಮನೆಗೆ. ತೀರಿಕೊಂಡ ಗಂಡ ಆರ್ನಲ್ಡನ ಏರ್‌ಗನ್ ಅವಳ ಬಳಿಯಿತ್ತು; ಗುರಿಯಿಡುವುದನ್ನೂ ಅವನೇ ಕಲಿಸಿದ್ದ. ಅವನ ಸಮಾಧಿಯ ಮೇಲೆ ಅವಳಿಟ್ಟ ಸೇವಂತಿಗೆಯನ್ನೂ ಮೊಲಗಳು ಬಿಟ್ಟಿರಲಿಲ್ಲ.

"ನಮ್ಮ ಯಜಮಾನ್ರಿಗೆ ಹೂವು ಅಂದ್ರೆ ಅಷ್ಟಕ್ಕಷ್ಟೆ ಫಾದರ್. ಆದ್ರೂ ಇಟ್ಟವಳು ನಾನಲ್ವಾ?" ಎಂದು ಮೊಲ ಹೊಡೆಯಲು ಒಪ್ಪಿಕೊಂಡಳು.

ಸುದ್ದಿ ತಿಳಿದ ಮೈದುನ ನಾರ್ಮನ್ ಹೊಸ ಗುಂಡುಗಳ ಡಬ್ಬಿ ಹಿಡಿದು ಬಂದ. ಸೀಸದ್ದಲ್ಲ, ಹಗುರ ಲೋಹದ್ದು. "ಅತ್ತಿಗೆ, ಅಣ್ಣನ ಕಾಲದ ಆ ಭಾರದ ಸೀಸ ಬಿಸಾಕಿ. ಇದರ ವೇಗ ನೋಡಿ, ಮೊಲಕ್ಕೆ ಕಿವಿ ನಿಮಿರಿಸೋಕೂ ಪುರುಸೊತ್ತಿರಲ್ಲ!"

ಆ ಸಂಜೆ ಸ್ಮಶಾನದ ಹಳೆಯ ಯೂ ಮರದಾಚೆ, ದೂರದ ಬೇಲಿಯ ಬುಡದಲ್ಲಿ ಮೇಯುತ್ತಿದ್ದ ಮೊಲಕ್ಕೆ ಹಿಲ್ಡಾ ಆ ಹೊಸ ಗುಂಡು ಹಾರಿಸಿದಳು. ತಾಗಿತು, ಆದರೆ ಸಾಯಲಿಲ್ಲ. ಕುಂಟುತ್ತಾ ಪೊದೆಗೆ ನುಗ್ಗಿತು. ಅವಳು ಮಂಡಿಯೂರಿ ತುರಿಕೆ ಗಿಡಗಳ ನಡುವೆ ಹುಡುಕಿದಳು, ಮೊಣಕೈವರೆಗೆ ದದ್ದೆದ್ದಿತು. ಸಿಕ್ಕಾಗ ಅದರ ಪಕ್ಕೆ ಇನ್ನೂ ಏರಿಳಿಯುತ್ತಿತ್ತು. "ತಪ್ಪಾಯ್ತು ಕಣಪ್ಪ," ಎನ್ನುತ್ತಲೇ ಕತ್ತು ತಿರುಚಿ ನೋವು ಮುಗಿಸಿದಳು. ಅಂದು ಊಟ ಸೇರಲಿಲ್ಲ.

ಮರುದಿನ ಬಟ್ಟೆ ಸೋಪಿನ ಗಟ್ಟಿಗಳನ್ನು ಹಿತ್ತಲ ಗೋಡೆಗೆ ಒರಗಿಸಿ ಎರಡೂ ಬಗೆಯ ಗುಂಡು ಹೊಡೆದು ನೋಡಿದಳು. ಹತ್ತಿರದಿಂದ ಎರಡೂ ಚೆನ್ನಾಗಿಯೇ ಹೊಕ್ಕವು. ಹಿಂದೆ ಸರಿದಂತೆಲ್ಲ ಹಗುರ ಗುಂಡು ದಾರಿಯಲ್ಲೇ ಕಸುವು ಕಳೆದುಕೊಂಡಿತು. ಗಾಳಿಗೆ ಸರಿದು ಎಲ್ಲೋ ತಾಗಿ, ಮೇಲುಮೇಲೇ ನಿಂತಿತು. ನಿಧಾನವಾಗಿ ಹೊರಟ ಸೀಸ ಮಾತ್ರ ಆಳಕ್ಕಿಳಿದು ಅಗಲ ಗುಳಿ ಮಾಡಿತ್ತು.

ಚಹಾಕ್ಕೆ ಬಂದ ನಾರ್ಮನ್ ಸೋಪುಗಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹೊರಡೋವಾಗಿನ ಜೋರು ಕಟ್ಕೊಂಡು ಏನು ಮಾಡ್ಲಿ? ತಲುಪಿದಾಗ ಎಷ್ಟು ಉಳಿದಿರುತ್ತೆ ಹೇಳು," ಎಂದಳು ಹಿಲ್ಡಾ. "ನೀನೂ ಹಾಗೇ ಕಣೋ. ಪಬ್ಬಿನಿಂದ ಹೊರಟಾಗ ಹುಲಿ, ಮನೆ ಬಾಗಿಲಿಗೆ ಬಂದ್ರೆ ಬೆಕ್ಕು."

ನಗು ತಡೆಯಲಾರದೆ ನಾರ್ಮನ್ ಅಂಗಿಯ ಮೇಲೆಲ್ಲ ಚಹಾ ಚೆಲ್ಲಿಕೊಂಡ.

ಅಲ್ಲಿಂದ ಮುಂದೆ ಅವಳು ಹೊಡೆದದ್ದು ಸೀಸದ ಗುಂಡನ್ನೇ, ಯೂ ಮರದ ಈಚೆಗೆ ಮಾತ್ರ, ಅದೂ ತಲೆಗೇ. ಮೊಲಗಳೂ ಮಂಕಲ್ಲ. ಮರದಾಚೆ ಹಾಯಾಗಿ ಮೇಯತೊಡಗಿದವು. ಪಾದ್ರಿ ಗೊಣಗಿದರು.

"ಅಷ್ಟು ದೂರ ಹೊಡೆದ್ರೆ ಸಾಯುತ್ತೋ ನರಳುತ್ತೋ ನಂಗೊತ್ತಿಲ್ಲ ಫಾದರ್. ಬೇಕಿದ್ರೆ ನೀವೇ ಪ್ರಾರ್ಥನೆ ಮಾಡಿ ಓಡಿಸಿ."

ಪ್ರಾರ್ಥನೆಗಿಂತ ತಂತಿಬಲೆಯ ಬೇಲಿ ಮೇಲೆನಿಸಿತು ಪಾದ್ರಿಗೆ. ಶನಿವಾರ ಅವರೂ ನಾರ್ಮನ್ನನೂ ಬೆವರು ಸುರಿಸುತ್ತಾ ಗೂಟ ನೆಡುತ್ತಿದ್ದರೆ, ಹಿಲ್ಡಾ ಬಿಸಿಬಿಸಿ ಮೊಲದ ಪೈ ತಂದು ಕಲ್ಲುಬೆಂಚಿನ ಮೇಲಿಟ್ಟು, ಗೂಟ ಸೊಟ್ಟಗಿದೆ ಎಂದಳು.