ಹೆಸರು ಹಾಕಿಸದ ಕುಕ್ಕರ್

ನಲವತ್ತು ದಾಟುವವರೆಗೂ ನಾನು ನನಗೆಂದು ಒಂದು ಪಾತ್ರೆ ಕೊಂಡವಳಲ್ಲ. ಬಡತನಕ್ಕಲ್ಲ. ನಮ್ಮ ಕಡೆ ಹೆಂಗಸರಿಗೆ ಪಾತ್ರೆ ಬರುವುದು ಮದುವೆಯಲ್ಲಿ. ನನಗೆ ಮದುವೆಯಾಗಲಿಲ್ಲ, ಹಾಗಾಗಿ ಪಾತ್ರೆಯೂ ಬರಲಿಲ್ಲ. ಕೊಪ್ಪದ ಬಾಡಿಗೆ ಮನೆಯಲ್ಲಿ ನಾನು ಬಳಸುತ್ತಿದ್ದದ್ದೆಲ್ಲ ನರಸಿಂಹರಾಜಪುರದ ಅಣ್ಣನ ಮನೆಯಲ್ಲಿ ಹೆಚ್ಚಾಗಿ ಉಳಿದದ್ದು. ತಟ್ಟೆಯ ಅಂಚಿನಲ್ಲಿ ಅಣ್ಣ ಅತ್ತಿಗೆಯ ಹೆಸರು, ಡಬ್ಬಿಯ ಮುಚ್ಚಳದ ಮೇಲೆ ಯಾರೋ ದೂರದ ನೆಂಟರ ಹೆಸರು, ಎಲ್ಲ ಚುಕ್ಕಿ ಚುಕ್ಕಿಯಾಗಿ ಕೊರೆದದ್ದು. ಅನ್ನ ಮಾಡುವ ಕರೆಂಟ್ ಕುಕ್ಕರಿನ ಮೇಲೂ 'ಶುಭ ವಿವಾಹ' ಎಂದಿತ್ತು. ಬೇರೆಯವರ ಮದುವೆಗಳನ್ನು ದಿನಾ ತಿಕ್ಕಿ ತೊಳೆದು ಬೋರಲು ಹಾಕುವುದು ನನ್ನ ಪಾಲಿಗೆ ಬಂದಿತ್ತು.

ಕೊಪ್ಪದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಊರಿನ ದೊಡ್ಡ ಮನುಷ್ಯರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು, ನನ್ನ ಮುಂದೆ ತೋಳು ಚಾಚಿ, ಸೂಜಿ ಕಂಡೊಡನೆ ಮುಖ ಆಚೆ ತಿರುಗಿಸುತ್ತಿದ್ದರು. ಯಾರ ಸಕ್ಕರೆ ಎಷ್ಟೆಂದು ಅವರ ಹೆಂಡತಿಯರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಆದರೂ ನನಗೊಂದು ಗ್ಯಾಸ್ ಕನೆಕ್ಷನ್ ಸಿಗಲಿಲ್ಲ. ಅದಕ್ಕೆ ರೇಷನ್ ಕಾರ್ಡ್ ಬೇಕು, ನನ್ನ ಹೆಸರಿದ್ದದ್ದು ಅಣ್ಣನ ಕಾರ್ಡಿನಲ್ಲಿ. ಒಂದು ಕರೆಂಟ್ ಒಲೆ, ಒಂದು ಕುಕ್ಕರ್, ಇಷ್ಟೇ ನನ್ನ ಅಡುಗೆಮನೆ. ಅದು ಕೈಬಿಟ್ಟರೆ ನಾನು ಯಾರೂ ಅಲ್ಲ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ವೋಲ್ಟೇಜ್ ಏರಿಳಿದು ಆ ಕುಕ್ಕರ್ ಸುಟ್ಟುಹೋಯಿತು. ರಿಪೇರಿಯವನು ಬುಡಮೇಲು ಮಾಡಿ ನೋಡಿ, "ಕಾಯಿಲ್ ಹೋಗಿದೆ ಅಕ್ಕ. ಹಳೇದು, ಪಾರ್ಟ್ಸ್ ಸಿಗದಿಲ್ಲ" ಎಂದ. ಭಾನುವಾರ ಅಣ್ಣನ ಮನೆಗೆ ಹೋದಾಗ ಈ ಸುದ್ದಿ ನನ್ನ ಬಾಯಿಂದ ಜಾರಿತು.

"ಕೊಳ್ಳಕ್ಕೆ ಹೋಗ್ಬೇಡ ಮಾರಾಯ್ತಿ," ಎಂದರು ಅತ್ತಿಗೆ, ಅಟ್ಟದ ಕಡೆ ಕೈ ತೋರಿಸಿ. "ಮದುವೆ ಮನೇಲಿ ಬಂದಿದ್ದು ಪ್ಯಾಕ್ ಬಿಚ್ಚದೇ ಬಿದ್ದಿವೆ. ಯಾವ್ದಾದ್ರೂ ತಗೊಂಡು ಹೋಗು."

ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. "ಅಲ್ಲ, ಒಬ್ಳಿಗೆ ಎಂತಕ್ಕೆ ಬೇರೆ ಅನ್ನ? ಇಲ್ಲೇ ಬಂದು ಇರು. ಅಮ್ಮಂಗೂ ಮೊದಲಿನಂಗೆ ಓಡಾಡಕ್ಕೆ ಆಗ್ತಿಲ್ಲ. ಇಷ್ಟು ಜನಕ್ಕೆ ಬೇಯೋ ಅನ್ನದಲ್ಲಿ ನಿಂದೊಂದು ಹಿಡಿ ಹೆಚ್ಚಾಗ್ತದಾ?"

ಪ್ರೀತಿಯ ಮಾತೇ ಇರಬಹುದು. ಉಂಡ ಮನೆಗೆ ಎರಡು ಬಗೆಯಬಾರದು, ನಾನೂ ಬಗೆಯುವುದಿಲ್ಲ. ಆದರೆ ಆ ಒಂದು ಹಿಡಿಯ ಬದಲಿಗೆ ಏನೇನು ಕೊಡಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಚಿಕ್ಕಮ್ಮ ಒಬ್ಬರು ಹಾಗೆಯೇ ಒಂದು ಹಿಡಿ ಅನ್ನಕ್ಕೆ ತಮ್ಮ ಅಣ್ಣನ ಮನೆ ಸೇರಿ, ಎರಡು ತಲೆಮಾರಿನ ಮಕ್ಕಳ ಮೂಗು ಒರೆಸಿ ಹಿತ್ತಲ ಕೋಣೆಯಲ್ಲಿ ತೀರಿಕೊಂಡಿದ್ದರು. "ನನ್ನ ಕುಕ್ಕರ್ ನಾನೇ ತಗೋತೀನಿ ಅಣ್ಣ" ಎಂದೆ. ದನಿ ಸ್ವಲ್ಪ ಜೋರಾಯಿತು. ಅತ್ತಿಗೆ ಒಳಗೆ ಹೋದರು.

ಹೊರಡುವಾಗ ಅಮ್ಮ ಮಂಚದ ಮೇಲಿಂದ ನನ್ನ ಸೆರಗು ಹಿಡಿದು ಎಳೆದರು. "ನಿಂಗೆ ಸಾಕಾಗೋವಷ್ಟೇ ತಗೋ. ದೊಡ್ಡದು ತಗೊಂಡ್ರೆ ಇವರೆಲ್ಲ ಬಂದು ಕೂರ್ತಾರೆ" ಎಂದು ಪಿಸುಗುಟ್ಟಿದರು. ಆ ಮನೆಯಲ್ಲಿ ನನ್ನ ಪರವಾಗಿ ಇದ್ದದ್ದು ಅದೊಂದೇ ಮಾತು.

ಕೊಪ್ಪದ ಪಾತ್ರೆ ಅಂಗಡಿಯವನು ನನ್ನನ್ನು ಕಂಡೊಡನೆ, "ಯಾರ ಮದುವೆ ಮೇಡಂ?" ಎಂದ. ಮನೆಗೆ ಎಂದೆ. "ಮನೇಲಿ ಎಷ್ಟು ಜನ?" ನಾನೊಬ್ಬಳೇ ಎಂದೆ. ಅಷ್ಟು ಹೇಳುವಷ್ಟರಲ್ಲಿ ಪಕ್ಕದಲ್ಲಿ ಲೋಟ ಆರಿಸುತ್ತಿದ್ದ ಗಂಡ ಹೆಂಡತಿ ತಿರುಗಿ ನೋಡಿದರು. ಅಂಗಡಿಯವನು ನಾಲ್ಕೈದು ಜನರಿಗಾಗುವ ಕುಕ್ಕರನ್ನೇ ತೆಗೆದು ಮುಂದಿಟ್ಟ. "ಇದೇ ಇರ್ಲಿ ಮೇಡಂ. ಯಾರಾದ್ರೂ ಬಂದ್ರೆ ಬೇಕಾಗ್ತದೆ." ಯಾರು ಬರುತ್ತಾರೆ ಎಂದು ಕೇಳಬೇಕೆನಿಸಿತು. ವರ್ಷಗಟ್ಟಲೆ ಆ ಹಳೆಯ ದೊಡ್ಡ ಕುಕ್ಕರಿನಲ್ಲಿ ಬಂದವರಿಗಿರಲಿ ಎಂದು ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿ, ಮರುದಿನ ಅದೇ ತಂಗಳನ್ನಕ್ಕೆ ಒಗ್ಗರಣೆ ಹಾಕಿಕೊಂಡು ತಿಂದವಳು ನಾನು.

ಸಣ್ಣದು ಸಿಕ್ಕಿದ್ದು ಶೃಂಗೇರಿಯಲ್ಲಿ. ವಯಸ್ಸಾದ ಅಂಗಡಿಯವರು ಮೇಲಿನ ಸಾಲಿನ ಮೂಲೆಯಿಂದ ಅದನ್ನು ಇಳಿಸಿ, ಡಬ್ಬದ ಧೂಳು ಹೊಡೆದರು. "ಇದನ್ನ ಕೇಳೋರೇ ಇಲ್ಲ ಅಮ್ಮ. ತರ್ಸಿ ತಪ್ಪು ಮಾಡ್ದೆ ಅಂದ್ಕೊಂಡಿದ್ದೆ." ಮುಚ್ಚಳ ತೆಗೆದು ನೋಡಿದೆ. ಒಬ್ಬರು ಉಣ್ಣುವಷ್ಟೇ ಅನ್ನ, ಒಂದು ಅಗುಳು ಹೆಚ್ಚಿಗೆ ಹಿಡಿಯದು. ಇದನ್ನು ಕೊಂಡರೆ ಇನ್ನು ಯಾರೂ ಬರುವುದಿಲ್ಲ ಎಂದು ನಾನೇ ಒಪ್ಪಿದ ಹಾಗೆ. ಕೊಳ್ಳದಿದ್ದರೆ ಹಿತ್ತಲ ಕೋಣೆ. ಕೊಡಿ ಎಂದೆ.

ಅವರು ಹೆಸರು ಕೊರೆಯುವ ಮಿಷನ್ನಿನ ಪ್ಲಗ್ ಹಾಕಿದರು. "ಹೆಸರು ಹಾಕ್ಕೊಡ್ತೀನಿ, ಅದಕ್ಕೆ ದುಡ್ಡಿಲ್ಲ. ಗಂಡಿಂದು, ಹೆಣ್ಣಿಂದು ಹೇಳಿ."

"ಮದುವೆಗಲ್ಲ. ಒಂದೇ ಹೆಸರು."

ಅವರು ಮಿಷನ್ ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ದನಿ ಮೆತ್ತಗಾಯಿತು. "ಹೌದಾ ಅಮ್ಮ. ತೀರ್ಕೊಂಡ ದಿನಾನೂ ಹಾಕ್ಬೇಕಾ?"

ಅವರ ತಪ್ಪಲ್ಲ. ಪಾತ್ರೆಯ ಮೇಲೆ ಎರಡು ಹೆಸರಿದ್ದರೆ ಮದುವೆಯದು, ಒಂದೇ ಹೆಸರಿದ್ದರೆ ಸತ್ತವರದು. ಶಿವಗಣಾರಾಧನೆಯ ಊಟಕ್ಕೆ ಹೋದವರಿಗೆಲ್ಲ ತೀರಿಕೊಂಡವರ ಹೆಸರು ಕೊರೆದ ಲೋಟ ಹಂಚುವುದು ನಮ್ಮಲ್ಲೂ ಉಂಟು. ಬದುಕಿರುವ ಒಂಟಿ ಹೆಂಗಸು ತನ್ನದೇ ಅನ್ನದ ಪಾತ್ರೆಯ ಮೇಲೆ ತನ್ನ ಹೆಸರು ಹಾಕಿಸಿದ್ದನ್ನು ಅವರು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. "ಏನೂ ಬೇಡ, ಹಾಗೇ ಕೊಡಿ" ಎಂದೆ. ಅಂಗಡಿಯಲ್ಲಿ ನಗು ಬಂದಿತ್ತು. ಬಸ್ಸು ಜಯಪುರ ದಾಟುವಾಗ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಅತ್ತೆ.

ಆದರೂ ಹೇಳುತ್ತೇನೆ, ಆ ಕುಕ್ಕರಿನೊಂದಿಗೆ ಕಳೆದ ದಿನಗಳೇ ನನ್ನ ಸಂಸಾರ. ಲ್ಯಾಬಿನಿಂದ ಬಂದು ಸ್ವಿಚ್ ಹಾಕಿ ಸ್ನಾನಕ್ಕೆ ಹೋದರೆ, ಬರುವಷ್ಟರಲ್ಲಿ ಟಕ್ ಎಂದು ಅದು ತಾನೇ ಆರುತ್ತಿತ್ತು. ಖಾಲಿ ಮನೆಯಲ್ಲಿ ನನಗಾಗಿ ಆಗುತ್ತಿದ್ದ ಸದ್ದು ಅದೊಂದೇ. ಬಿಸಿ ಅನ್ನಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ, ಮೇಲೆ ಮಜ್ಜಿಗೆ. ತಂಗಳು ಉಳಿಯುತ್ತಿರಲಿಲ್ಲ. ಅದರ ಮೈಯನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಗೀರು ಬೀಳದ ಹಾಗೆ ಮರದ ಸೌಟಿನಲ್ಲೇ ಬಡಿಸಿಕೊಳ್ಳುತ್ತಿದ್ದೆ. ಡಬ್ಬವನ್ನೂ ಎಸೆದಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲೇ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಣ್ಣ ಕೊಪ್ಪದ ನನ್ನ ಮನೆ ಬಾಗಿಲಿಗೆ ಜೀಪು ತಂದ. ಏನನ್ನೂ ಕೇಳಲಿಲ್ಲ, ಕೇಳುವುದಕ್ಕೆ ಏನಿತ್ತು? ಮೈ ಒರೆಸುವುದು, ಬೆಡ್ ಪ್ಯಾನ್ ಇಡುವುದು, ಇದೆಲ್ಲ ಗೊತ್ತಿದ್ದವಳು ನಾನೇ, ಗಂಡ ಮಕ್ಕಳಿಲ್ಲದವಳೂ ನಾನೇ. "ಲ್ಯಾಬಿಗೆ ಸ್ವಲ್ಪ ದಿನ ರಜ ಹಾಕು" ಎಂದ. ಸ್ವಲ್ಪ ದಿನಕ್ಕೆ ಯಾರೂ ಮನೆ ಖಾಲಿ ಮಾಡಿಸುವುದಿಲ್ಲ ಎಂದು ನನಗೂ ತಿಳಿದಿತ್ತು, ಅವನಿಗೂ ತಿಳಿದಿತ್ತು. ಸಾಮಾನೆಲ್ಲ ಜೀಪಿನ ಹಿಂದಿನ ಸೀಟಿನಲ್ಲೇ ಹಿಡಿಸಿತು.

ಅಮ್ಮ ನನ್ನನ್ನು ಕಂಡು ಗೋಡೆಯ ಕಡೆ ಮುಖ ತಿರುಗಿಸಿದರು. "ನೀ ಬರಬಾರದಿತ್ತು ಕಣೇ. ನಾನು ಬಿದ್ದು ನಿನ್ನನ್ನೂ ಬೀಳ್ಸಿದೆ" ಎಂದು ಅತ್ತರು. ನಾನು ಅವರ ಹಾಸಿಗೆ ಬದಲಾಯಿಸಿದೆ.

ಅತ್ತಿಗೆ ಕುಕ್ಕರನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. "ಇದರಲ್ಲಿ ನಮ್ಮನೆ ಪುಟ್ಟಂಗೂ ಅನ್ನ ಆಗದಿಲ್ಲ. ಹೆಸರು ಹಾಕ್ಸಿಲ್ವಲ್ಲ, ಒಳ್ಳೇದಾತು. ಇರ್ಲಿ, ಯಾರಿಗಾದ್ರೂ ಕೊಡಕ್ಕೆ ಬರ್ತದೆ." ಅದು ಅಟ್ಟಕ್ಕೆ ಹೋಯಿತು. ನಾನು ಹಿತ್ತಲ ಕಡೆಯ ಕೋಣೆಗೆ ಹೋದೆ.

ಆ ಬೇಸಿಗೆಯಲ್ಲೇ ಶೆಟ್ಟಿಕೊಪ್ಪದ ದೂರದ ನೆಂಟರ ಮನೆಯಲ್ಲಿ ಮದುವೆ. ಅತ್ತಿಗೆ ಕುಕ್ಕರನ್ನು ಇಳಿಸಿದರು. "ಬಳಸಿದ್ದು ಅತ್ತಿಗೆ, ಚೆನ್ನಾಗಿರಲ್ಲ" ಎಂದೆ. "ಸುಮ್ನಿರೇ, ಯಾರಿಗೆ ಗೊತ್ತಾಗ್ತದೆ?" ಎಂದರು. ಪೇಟೆಗೆ ಹೋದ ಅಣ್ಣ ಹೆಸರು ಹಾಕಿಸಿ ತಂದ. ನಾನು ಅಷ್ಟು ದಿನ ಒರೆಸಿ ಒರೆಸಿ ಇಟ್ಟಿದ್ದ ಖಾಲಿ ಜಾಗದಲ್ಲಿ ಗಂಡಿನ ಹೆಸರು, ಹೆಣ್ಣಿನ ಹೆಸರು, ಕೆಳಗೆ ಅಣ್ಣ ಅತ್ತಿಗೆಯ ಹೆಸರು. ಹಳೆಯ ಡಬ್ಬ ಹೇಗೂ ಇತ್ತು. ಮಿರುಗುವ ಕಾಗದವನ್ನು ನೆಲದ ಮೇಲೆ ಹರಡಿ ಅತ್ತಿಗೆ, ನಾನು ಇಬ್ಬರೂ ಕೂತೆವು.

ಡಬ್ಬ ಮುಚ್ಚುವ ಮೊದಲು ಅತ್ತಿಗೆ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದರು. ಮುಖ ಅರಳಿತು. ನನ್ನನ್ನು ಹೊಗಳಬೇಕೆಂದೇ ಹೇಳಿದರು.

"ಎಷ್ಟು ಚೆನ್ನಾಗಿಟ್ಟಿದೀಯ ಮಾರಾಯ್ತಿ. ಇದರಲ್ಲಿ ಒಂದು ದಿನಾನೂ ಯಾರೂ ಅನ್ನ ಮಾಡ್ಕೊಂಡು ಉಂಡೇ ಇಲ್ಲ ಅನ್ನೋ ಹಂಗಿದೆ."

ನಾನು ಟೇಪು ಕತ್ತರಿಸಿ ಕೊಟ್ಟೆ.